ಹೆಸರಿದ್ದ ಮಾತ್ರಕ್ಕೆ ಹಕ್ಕು ಬಾರದು: ನಾಮಿನಿ, ಉಯಿಲು, ಖಾತಾ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಮಧ್ಯಮ ವರ್ಗದ ಮನೆಯೊಂದರ ಆಸ್ತಿಯನ್ನು ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಸಿಗುವುದು ಒಂದು ಮನೆ ಅಥವಾ ಸೈಟು, ಎರಡು ಮೂರು ಬ್ಯಾಂಕುಗಳಲ್ಲಿ ಹಂಚಿಹೋದ ಠೇವಣಿ, ಲಾಕರಿನಲ್ಲಿರುವ ಒಂದಿಷ್ಟು ಚಿನ್ನ, ನೌಕರಿಯ ಕಾಲದ ಭವಿಷ್ಯ ನಿಧಿ, ಎಂದೋ ಮಾಡಿಸಿದ ವಿಮಾ ಪಾಲಿಸಿ, ಇತ್ತೀಚೆಗೆ ಮಕ್ಕಳ ಒತ್ತಾಯಕ್ಕೆ ಆರಂಭಿಸಿದ ಮ್ಯೂಚುವಲ್ ಫಂಡ್. ಇವುಗಳಲ್ಲಿ ಪ್ರತಿಯೊಂದರ ಕಾಗದದ ಮೇಲೂ ಯಾರದೋ ಹೆಸರಿರುತ್ತದೆ. ಒಂದು ಕಡೆ ನಾಮಿನಿ ಎಂದು, ಇನ್ನೊಂದು ಕಡೆ ಜಂಟಿ ಖಾತೆದಾರರೆಂದು, ಮತ್ತೊಂದು ಕಡೆ, ಅಂದರೆ ಪಾಲಿಕೆಯ ಆಸ್ತಿ ತೆರಿಗೆಯ ಲೆಕ್ಕದಲ್ಲಿ, ಖಾತಾದಾರರೆಂದು ಬರೆದಿರುತ್ತದೆ. ಹೆಸರಿರುವವರೇ ಒಡೆಯರು ಎಂಬ ನಂಬಿಕೆಯಿಂದಲೇ ಮುಂದಿನ ಹೆಚ್ಚಿನ ತಕರಾರುಗಳು ಹುಟ್ಟುವುದರಿಂದ, ಪ್ರಶ್ನೆಗಳನ್ನು ಅಲ್ಲಿಂದಲೇ ಆರಂಭಿಸಲಾಗಿದೆ.

ನಾಮಿನಿ ಎಂದರೆ ವಾರಸುದಾರರೇ?

ಅಲ್ಲ. ಖಾತೆದಾರರು ತೀರಿಕೊಂಡ ಮೇಲೆ ಬ್ಯಾಂಕು ಹಣವನ್ನು ಯಾರ ಕೈಗೆ ಕೊಟ್ಟರೆ ತನ್ನ ಹೊಣೆ ತೀರುತ್ತದೆಯೋ ಅವರು ನಾಮಿನಿ. ಅವರು ಆ ಹಣವನ್ನು ಪಡೆದುಕೊಳ್ಳುವವರೇ ಹೊರತು, ಪಡೆದ ಮಾತ್ರಕ್ಕೆ ಅದರ ಒಡೆಯರಾಗುವುದಿಲ್ಲ. ಹಣ ಕೊನೆಗೆ ಸೇರಬೇಕಾದದ್ದು ಉಯಿಲಿನಲ್ಲಿ ಹೆಸರಿಸಿದವರಿಗೆ, ಉಯಿಲು ಇಲ್ಲದಿದ್ದರೆ ಕಾನೂನಿನ ಪ್ರಕಾರ ವಾರಸುದಾರರಾದವರಿಗೆ. ವಿಮೆಯ ಹಣದ ವಿಷಯದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲಿಯೇ ಈ ಮಾತನ್ನು ಹೇಳಿತ್ತು. ಕಂಪನಿ ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಹೇಳಿತು.

ಹೀಗೆಂದುಕೊಳ್ಳಿ: ರಾಜಾಜಿನಗರದ ಒಬ್ಬ ತಂದೆಗೆ ಮೂವರು ಮಕ್ಕಳು. ಜೊತೆಯಲ್ಲಿರುವವನೇ ಬ್ಯಾಂಕಿಗೆ ಓಡಾಡುತ್ತಾನೆಂದು ಎಲ್ಲ ಠೇವಣಿಗಳಿಗೂ ಕಿರಿಯ ಮಗನನ್ನು ನಾಮಿನಿ ಮಾಡಿದ್ದಾರೆ, ಉಯಿಲು ಬರೆದಿಲ್ಲ. ಅವರು ತೀರಿಕೊಂಡ ಮೇಲೆ ಬ್ಯಾಂಕು ಪೂರ್ತಿ ಹಣವನ್ನು ಆ ಮಗನಿಗೇ ಕೊಡುತ್ತದೆ, ಅದು ಸರಿಯೇ. ಆದರೆ ಆತ ತಾಯಿಗೂ ಅಣ್ಣನಿಗೂ ಅಕ್ಕನಿಗೂ ಅವರವರ ಪಾಲನ್ನು ಕೊಡದಿದ್ದರೆ ಅವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಇಂತಹ ಮನೆಗಳಲ್ಲಿ ‘ಅಪ್ಪ ನನ್ನ ಹೆಸರನ್ನೇ ಯಾಕೆ ಬರೆಸಿದರು’ ಎಂದು ಮಗನೂ, ‘ಓಡಾಟಕ್ಕೆ ಅನುಕೂಲವಾಗಲಿ ಎಂದು ಬರೆಸಿದರು’ ಎಂದು ಉಳಿದವರೂ ಹೇಳುತ್ತಾರೆ. ಉತ್ತರ ಹೇಳಬೇಕಾದವರು ಮಾತ್ರ ಇರುವುದಿಲ್ಲ.

ಜೀವವಿಮೆಗೆ ಸಂಬಂಧಿಸಿದಂತೆ 2015ರ ತಿದ್ದುಪಡಿ ಸ್ವಲ್ಪ ಗೊಂದಲವನ್ನು ತಂದಿದೆ. ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಮೇಲೆ ಅವರಿಗೇ ಹಕ್ಕುಂಟು ಎಂಬಂತೆ ಅದರ ಪದಗಳಿವೆ. ಆದರೂ ಇದು ಉತ್ತರಾಧಿಕಾರದ ಕಾನೂನನ್ನು ಮೀರುವುದಿಲ್ಲ, ಉಳಿದ ವಾರಸುದಾರರು ಪಾಲು ಕೇಳಿದರೆ ನಾಮಿನಿಯ ಹಕ್ಕು ಅದಕ್ಕೆ ಒಳಪಡಬೇಕಾಗುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ತೀರ್ಪು ನೀಡಿದೆ. ಆದ್ದರಿಂದ ನಾಮಿನಿಯ ಹೆಸರೂ ಉಯಿಲಿನ ಹೆಸರೂ ಒಂದೇ ಆಗಿರುವಂತೆ ನೋಡಿಕೊಳ್ಳುವುದು ಕ್ಷೇಮ.

ಹಾಗಾದರೆ ನಾಮಿನಿಯನ್ನು ಹೆಸರಿಸುವುದರಿಂದ ಪ್ರಯೋಜನವೇನು?

ಪ್ರಯೋಜನ ಬಹಳವಿದೆ. ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ ಮತ್ತು ಗುರುತಿನ ದಾಖಲೆಯಿಂದ ಮುಗಿಯುವ ಕೆಲಸ, ಇಲ್ಲದಿದ್ದರೆ ವಾರಸುದಾರರೆಲ್ಲರ ಸಹಿ, ಮುಂದೆ ತಕರಾರು ಬಂದರೆ ನಷ್ಟ ತುಂಬಿಕೊಡುತ್ತೇವೆಂಬ ನಷ್ಟಭರ್ತಿ ಪತ್ರ, ದೊಡ್ಡ ಮೊತ್ತವಾದರೆ ನ್ಯಾಯಾಲಯದ ಆದೇಶದವರೆಗೂ ಹೋಗಬಹುದು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಯಾರಿಗೆ ಶೇಕಡಾ ಎಷ್ಟು ಎಂದು ಒಟ್ಟಿಗೆ ಹಂಚಬಹುದು, ಅಥವಾ ಮೊದಲನೆಯವರು ಇಲ್ಲದಿದ್ದರೆ ಎರಡನೆಯವರಿಗೆ ಎಂಬ ಸರದಿಯನ್ನು ಇಡಬಹುದು. ಲಾಕರಿಗೆ ಸರದಿಯ ಕ್ರಮ ಮಾತ್ರ ಇದೆ.

ಭವಿಷ್ಯ ನಿಧಿಯ ನಿಯಮ ಬೇರೆ. ಕುಟುಂಬ ಇರುವ ಸದಸ್ಯರು ಕುಟುಂಬದವರನ್ನು ಮಾತ್ರ ಹೆಸರಿಸಬೇಕು. ಮದುವೆಗೆ ಮೊದಲು ಬರೆಸಿದ್ದ ನಾಮನಿರ್ದೇಶನ ಮದುವೆಯ ನಂತರ ಊರ್ಜಿತವಾಗಿ ಉಳಿಯುವುದಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದಕ್ಕೆ ಸೇರಿದಾಗ ತುಂಬಿದ ಫಾರಂ, ನಾಲ್ಕು ಕೆಲಸ ಬದಲಾಯಿಸಿದ ಮೇಲೂ ಹಾಗೆಯೇ ಇದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಮದುವೆಯಾದ ವಾರದಲ್ಲಿಯೇ ಅದನ್ನು ಸರಿಪಡಿಸಿಕೊಳ್ಳಬೇಕು.

ಜಂಟಿ ಖಾತೆಯಲ್ಲಿ ಎರಡನೆಯ ಹೆಸರು ನನ್ನದು. ಹಣ ನನ್ನದೇ ಅಲ್ಲವೇ?

‘ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು’ ಎಂಬ ಸೂಚನೆಯಿದ್ದರೆ ಹಣವನ್ನು ತೆಗೆಯುವ ಅಧಿಕಾರ ನಿಮಗಿದೆ. ಅದು ಬ್ಯಾಂಕಿಗೂ ನಿಮಗೂ ನಡುವಿನ ವ್ಯವಹಾರದ ಸೂಚನೆ. ಹಣ ಯಾರ ದುಡಿಮೆಯದು, ಯಾರಿಗೆ ಸೇರಬೇಕು ಎಂಬ ಪ್ರಶ್ನೆ ವಾರಸುದಾರರ ನಡುವೆ ಹಾಗೆಯೇ ಉಳಿಯುತ್ತದೆ.

ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ಯಾರಿಗೆ ಹೋಗುತ್ತದೆ?

ಹಿಂದೂ ಪುರುಷರ ಸ್ವಂತ ಆಸ್ತಿಯು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಮೊದಲು ಒಂದನೆಯ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಮಗ, ಮಗಳು, ತಾಯಿ ಇದರಲ್ಲಿ ಮುಖ್ಯರು, ಇವರೆಲ್ಲರಿಗೂ ಸಮಪಾಲು. ಮೊದಲೇ ತೀರಿಕೊಂಡ ಮಗ ಅಥವಾ ಮಗಳಿದ್ದರೆ ಅವರ ಪಾಲು ಅವರ ಕುಟುಂಬಕ್ಕೆ ಸಲ್ಲುತ್ತದೆ. ‘ಗಂಡ ಹೋದ ಮೇಲೆ ಎಲ್ಲವೂ ಹೆಂಡತಿಗೆ’ ಎಂಬ ನಂಬಿಕೆ ತಪ್ಪು. ಅತ್ತೆ ಬದುಕಿದ್ದರೆ ಸೊಸೆಯಷ್ಟೇ ಪಾಲು ಅವರಿಗೂ ಉಂಟು. ಮಾವನವರು ಮಾತ್ರ ಎರಡನೆಯ ವರ್ಗದಲ್ಲಿದ್ದಾರೆ. ಒಂದನೆಯ ವರ್ಗದಲ್ಲಿ ಯಾರಾದರೂ ಇರುವತನಕ ಅವರಿಗೆ ಏನೂ ಬರುವುದಿಲ್ಲ.

ಹಿಂದೂ ಮಹಿಳೆಯರ ಆಸ್ತಿಯ ಕ್ರಮವನ್ನು ಹೆಚ್ಚು ಎಚ್ಚರದಿಂದ ಓದಬೇಕು. ಮೊದಲು ಮಕ್ಕಳು ಮತ್ತು ಗಂಡ, ಅವರಾರೂ ಇಲ್ಲದಿದ್ದರೆ ಗಂಡನ ವಾರಸುದಾರರು, ಅವರೂ ಇಲ್ಲದಿದ್ದರೆ ಮಾತ್ರ ಆಕೆಯ ತಂದೆ ತಾಯಿ. ತನ್ನ ಸಂಬಳದಿಂದಲೇ ಕಂತು ಕಟ್ಟಿ ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟು ಕೊಂಡ, ಮಕ್ಕಳಿಲ್ಲದ ವಿಧವೆಯೊಬ್ಬರು ಉಯಿಲಿಲ್ಲದೆ ತೀರಿಕೊಂಡರೆ, ಆ ಫ್ಲ್ಯಾಟು ಆಕೆಯನ್ನು ಓದಿಸಿದ ತಂದೆ ತಾಯಿಗೆ ಹೋಗದೆ ಗಂಡನ ಕಡೆಯವರಿಗೆ ಹೋಗುತ್ತದೆ. ತವರಿನಿಂದ ವಾರಸಾಗಿ ಬಂದ ಆಸ್ತಿಗೆ ಮಾತ್ರ, ಮಕ್ಕಳಿಲ್ಲದಿದ್ದಲ್ಲಿ, ತಂದೆಯ ವಾರಸುದಾರರಿಗೆ ಹಿಂದಿರುಗುವ ವಿನಾಯಿತಿ ಇದೆ. ಮಕ್ಕಳಿಲ್ಲದ, ದುಡಿಯುವ ಮಹಿಳೆಯರು ಉಯಿಲನ್ನು ಮುಂದೂಡಬಾರದೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಪಿತ್ರಾರ್ಜಿತ, ಸ್ವಯಾರ್ಜಿತ ಎಂಬ ಭೇದ ಏನು? ತಂದೆಯಿಂದ ಬಂದದ್ದೆಲ್ಲ ಪಿತ್ರಾರ್ಜಿತವೇ?

ತಂದೆಯಿಂದ ಬಂದದ್ದೆಲ್ಲ ಪಿತ್ರಾರ್ಜಿತವಲ್ಲ. ವರ್ತೂರು, ಯಲಹಂಕ, ಕೆಂಗೇರಿ ಕಡೆಯ ಕುಟುಂಬವೊಂದರಲ್ಲಿ ತಲೆಮಾರುಗಳಿಂದ ಭಾಗವಾಗದೆ ಅವಿಭಕ್ತವಾಗಿ ಬಂದಿರುವ ಜಮೀನು ಪಿತ್ರಾರ್ಜಿತ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ತಂದೆ ತಮ್ಮ ಸಂಬಳದಿಂದ ಜಯನಗರದಲ್ಲಿ ಕೊಂಡ ಸೈಟು ಅವರ ಸ್ವಯಾರ್ಜಿತ. ಅವರು ಉಯಿಲಿಲ್ಲದೆ ತೀರಿಕೊಂಡು ಅದರಲ್ಲಿ ಮಗನಿಗೆ ಪಾಲು ಬಂದರೆ, ಆ ಪಾಲು ಮಗನ ವೈಯಕ್ತಿಕ ಆಸ್ತಿಯಾಗುತ್ತದೆಯೇ ಹೊರತು ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟಿನ ಹಕ್ಕು ಬರುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1986ರಲ್ಲಿ ಸ್ಪಷ್ಟಪಡಿಸಿದೆ.

ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಉಯಿಲಿನ ಮೂಲಕ ಬರೆದುಕೊಡಬಹುದು. ಅವಿಭಕ್ತ ಆಸ್ತಿಯಲ್ಲಾದರೆ ತಮ್ಮ ಪಾಲನ್ನು ಮಾತ್ರ ಬರೆಯಬಹುದು. ಇಡೀ ಜಮೀನನ್ನು ಒಬ್ಬ ಮಗನಿಗೆ ಬರೆದ ಉಯಿಲು ಉಳಿದವರ ಪಾಲನ್ನು ಮುಟ್ಟುವುದಿಲ್ಲ.

ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಪಾಲು ಇದೆಯೇ?

ಇದೆ. ತಂದೆಯ ಸ್ವಯಾರ್ಜಿತದಲ್ಲಿ 1956ರಿಂದಲೂ ಇದೆ. ಪಿತ್ರಾರ್ಜಿತದ ವಿಷಯದಲ್ಲಿ ಕರ್ನಾಟಕವು 1994ರಲ್ಲಿಯೇ ತನ್ನದೇ ತಿದ್ದುಪಡಿಯನ್ನು ತಂದಿತ್ತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. ಆ ದಿನ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲವೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆದ ವಿಭಾಗಗಳನ್ನು ಮಾತ್ರ ಮತ್ತೆ ತೆರೆಯುವಂತಿಲ್ಲ. ‘ಆಗಲೇ ಬಾಯಿಮಾತಿನಲ್ಲಿ ಭಾಗವಾಗಿತ್ತು’ ಎಂಬ ವಾದವನ್ನು ನ್ಯಾಯಾಲಯಗಳು ಸುಲಭವಾಗಿ ಒಪ್ಪುವುದಿಲ್ಲ.

ಊರಿನ ಸುತ್ತಲ ಹೊಲಗಳು ಬಡಾವಣೆಗಳಾದ ಮೇಲೆ ಈ ಪ್ರಶ್ನೆಯ ತೂಕವೇ ಬದಲಾಯಿತು. ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಅಕ್ಕತಂಗಿಯರ ಬಾಯಿ ಮುಚ್ಚಿಸುವ ರೂಢಿ ಇಂದು ಕಾನೂನಿನ ಮುಂದೆ ನಿಲ್ಲದು. ಅವರು ನಿಜವಾಗಿಯೂ ಮನಸಾರೆ ಪಾಲನ್ನು ಬಿಟ್ಟುಕೊಡುವುದಾದರೆ ಅದಕ್ಕೆ ನೋಂದಾಯಿತ ಹಕ್ಕುಬಿಡುಗಡೆ ಪತ್ರವಾಗಬೇಕು. ಸೈಟನ್ನು ಕೊಳ್ಳುವವರ ವಕೀಲರು ವಂಶವೃಕ್ಷವನ್ನು ಮುಂದಿಟ್ಟುಕೊಂಡು ‘ಈ ಮಗಳ ಸಹಿ ಎಲ್ಲಿ?’ ಎಂದು ಕೇಳುವುದು ಕುಂಟು ನೆಪವಲ್ಲ.

ಉಯಿಲನ್ನು ಛಾಪಾ ಕಾಗದದ ಮೇಲೆಯೇ ಬರೆಯಬೇಕೇ? ವಕೀಲರು ಬೇಕೇ?

ಎರಡೂ ಕಡ್ಡಾಯವಲ್ಲ. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ; ಬಿಳಿ ಹಾಳೆಯ ಮೇಲೆ ಕೈಬರಹದಲ್ಲಿ, ಕನ್ನಡದಲ್ಲಿಯೇ ಬರೆಯಬಹುದು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ ಕೇಳುವುದು ಇಷ್ಟೇ: ಬರೆಯುವವರು ವಯಸ್ಕರಾಗಿದ್ದು ಸ್ವಸ್ಥಚಿತ್ತರಾಗಿರಬೇಕು, ಅವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಂಡು ಅವರೆದುರಿಗೇ ತಾವೂ ಸಹಿ ಹಾಕಬೇಕು. ಸಾಕ್ಷಿಗಳು ಒಳಗೆ ಏನು ಬರೆದಿದೆಯೆಂದು ಓದಬೇಕಾಗಿಲ್ಲ.

ಸಾಕ್ಷಿಗಳ ಆಯ್ಕೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಎಪ್ಪತ್ತೈದರ ಹಿರಿಯರು ತಮ್ಮ ವಾಯುವಿಹಾರದ ಗೆಳೆಯರಾದ ಎಂಬತ್ತರ ಇಬ್ಬರನ್ನು ಕರೆತರುತ್ತಾರೆ. ಉಯಿಲು ವಿವಾದಕ್ಕೆ ಬಂದಾಗ ಕನಿಷ್ಠ ಒಬ್ಬ ಸಾಕ್ಷಿ ನ್ಯಾಯಾಲಯಕ್ಕೆ ಬಂದು ನುಡಿಯಬೇಕಾಗುವುದರಿಂದ, ನಿಮಗಿಂತ ಕಿರಿಯರನ್ನು, ಊರಿನಲ್ಲಿಯೇ ನೆಲೆಸಿರುವವರನ್ನು, ಉಯಿಲಿನಿಂದ ಯಾವ ಲಾಭವನ್ನೂ ಪಡೆಯದವರನ್ನು ಆರಿಸಬೇಕು. ವಯಸ್ಸಾದವರಾದರೆ ಕುಟುಂಬದ ವೈದ್ಯರನ್ನು ಒಬ್ಬ ಸಾಕ್ಷಿಯಾಗಿ ಕೇಳಿಕೊಳ್ಳುವುದು ಒಳ್ಳೆಯ ರೂಢಿ. ಉಯಿಲಿನಂತೆ ಹಂಚಿಕೆಯನ್ನು ನಡೆಸಿಕೊಡುವ ನಿರ್ವಾಹಕರೊಬ್ಬರನ್ನು ಹೆಸರಿಸುವುದೂ, ಯಾರಿಗಾದರೂ ಕಡಿಮೆ ಕೊಡುತ್ತಿದ್ದರೆ ಕಾರಣವನ್ನು ಎರಡು ಸಾಲಿನಲ್ಲಿ ಬರೆಯುವುದೂ ಮುಂದಿನ ಜಗಳವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ.

ನೋಂದಾಯಿಸದ ಉಯಿಲು ನಡೆಯುತ್ತದೆಯೇ?

ನಡೆಯುತ್ತದೆ, ಉಯಿಲಿನ ನೋಂದಣಿ ಐಚ್ಛಿಕ. ಆದರೂ ಉಪನೋಂದಣಾಧಿಕಾರಿಯ ಮುಂದೆ ನೋಂದಾಯಿಸಿದರೆ ಕಳೆದುಹೋಗುವ, ಬಚ್ಚಿಡುವ, ತಿದ್ದುವ ಭಯವಿರುವುದಿಲ್ಲ. ಒಳಗಿನ ವಿಷಯ ಯಾರಿಗೂ ತಿಳಿಯಬಾರದೆಂದಿದ್ದರೆ ಮುಚ್ಚಿದ ಲಕೋಟೆಯನ್ನು ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವ ಅವಕಾಶವೂ 1908ರ ನೋಂದಣಿ ಅಧಿನಿಯಮದಲ್ಲಿ ಇದೆ. ನೋಂದಣಿಯಾಗಿದ್ದ ಮಾತ್ರಕ್ಕೆ ಅದೇ ಕೊನೆಯ ಮಾತಲ್ಲ: ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕ್ರಮಬದ್ಧವಾಗಿ ಬರೆದ ಕಟ್ಟಕಡೆಯ ಉಯಿಲೇ ಊರ್ಜಿತ. ಮೂಲಪ್ರತಿಯನ್ನು ಲಾಕರಿನಲ್ಲಿಟ್ಟು ಆ ಲಾಕರಿಗೆ ನಾಮಿನಿಯನ್ನೇ ಹೆಸರಿಸದಿರುವವರೂ ಇದ್ದಾರೆ.

ಪ್ರೊಬೇಟ್, ಉತ್ತರಾಧಿಕಾರ ಪ್ರಮಾಣಪತ್ರ, ವಂಶವೃಕ್ಷ: ಇವೆಲ್ಲ ಒಂದೇ ಏನು?

ಬೇರೆ ಬೇರೆ. ಪ್ರೊಬೇಟ್ ಎಂದರೆ ಉಯಿಲು ನಿಜವಾದದ್ದೆಂದು ನ್ಯಾಯಾಲಯ ದೃಢೀಕರಿಸುವುದು. ಹಿಂದೂಗಳ ಉಯಿಲಿಗೆ ಅದು ಕಡ್ಡಾಯವೆಂಬ ನಿಯಮವಿದ್ದದ್ದು ಹಳೆಯ ಕಲ್ಕತ್ತ, ಮದ್ರಾಸ್, ಬೊಂಬಾಯಿ ವ್ಯಾಪ್ತಿಗೆ. ಬೆಂಗಳೂರಿನಲ್ಲಿ ಬರೆದ, ಇಲ್ಲಿಯ ಆಸ್ತಿಗೇ ಸಂಬಂಧಿಸಿದ ಉಯಿಲಿಗೆ ಅದು ಅನ್ವಯವಾಗುತ್ತಿರಲಿಲ್ಲ. ಉತ್ತರಾಧಿಕಾರ ಪ್ರಮಾಣಪತ್ರವು ಠೇವಣಿ, ಷೇರು ಮುಂತಾದ ಬರಬೇಕಾದ ಹಣಕ್ಕೆ ಸಿವಿಲ್ ನ್ಯಾಯಾಲಯ ಕೊಡುವ ಆದೇಶ. ಮನೆ, ಸೈಟುಗಳಿಗೆ ಅದು ಸಲ್ಲದು. ವಂಶವೃಕ್ಷವು ಕುಟುಂಬದಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ತೋರಿಸುವ ಪಟ್ಟಿ. ಕಂದಾಯ ಇಲಾಖೆಯ ನಾಡಕಚೇರಿಯಲ್ಲಿ ಇದಕ್ಕೆ ಅರ್ಜಿ ಹಾಕಬೇಕು. ಇವೆಲ್ಲಕ್ಕೂ ಬುನಾದಿ ಮರಣ ಪ್ರಮಾಣಪತ್ರ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ ಹಲವು ಪ್ರತಿಗಳನ್ನು ಪಡೆದುಕೊಳ್ಳಿ, ಹೆಸರಿನ ಕಾಗುಣಿತ ಆಧಾರ್ ಮತ್ತು ಕ್ರಯಪತ್ರದಲ್ಲಿರುವಂತೆಯೇ ಇದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಒಂದು ಇನಿಷಿಯಲ್ ತಪ್ಪಿದ್ದಕ್ಕೆ ಆರು ತಿಂಗಳು ಅಲೆದಾಡಬೇಕಾಗಿ ಬರಬಹುದು.

ಖಾತಾ ನನ್ನ ಹೆಸರಿಗಿದೆ. ಮನೆ ನನ್ನದೆಂದು ಆಯಿತಲ್ಲವೇ?

ಆಗುವುದಿಲ್ಲ. ಖಾತಾ ಎಂಬುದು ಪಾಲಿಕೆಯು ಆಸ್ತಿ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕೆಂದು ಬರೆದಿಟ್ಟುಕೊಂಡ ಲೆಕ್ಕ. ಒಡೆತನ ಬರುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು ಅಥವಾ ವಾರಸಿನಿಂದ. ಖಾತಾ ಅದನ್ನು ಹಿಂಬಾಲಿಸಬೇಕೇ ವಿನಾ ತಾನೇ ಅದನ್ನು ಹುಟ್ಟಿಸಲಾರದು. ‘ಎ’ ಖಾತಾ, ‘ಬಿ’ ಖಾತಾ ಎಂಬ ಭೇದವೂ ಬಡಾವಣೆಯ ಅನುಮೋದನೆ, ಭೂಪರಿವರ್ತನೆ ಮುಂತಾದವುಗಳ ಕ್ರಮಬದ್ಧತೆಗೆ ಸಂಬಂಧಿಸಿದ್ದು.

ಹೀಗೆಂದು ಅದನ್ನು ಕಡೆಗಣಿಸುವಂತೆಯೂ ಇಲ್ಲ. 2024ರಿಂದ ನಗರದಲ್ಲಿ ಆಸ್ತಿಯ ನೋಂದಣಿಗೆ ಇ-ಖಾತಾ, ಅಂದರೆ ಖಾತಾದ ಗಣಕೀಕೃತ ರೂಪ, ಬೇಕಾಗಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ನಿಮ್ಮ ಆಸ್ತಿ ಈಗ ಯಾವುದರ ವ್ಯಾಪ್ತಿಗೆ ಸೇರಿದೆಯೆಂದು ತಿಳಿದುಕೊಂಡಿರಬೇಕು. ತಂದೆ ತೀರಿಕೊಂಡು ಹತ್ತು ವರ್ಷವಾದರೂ ಅವರ ಹೆಸರಿನಲ್ಲಿಯೇ ತೆರಿಗೆ ಕಟ್ಟುತ್ತ ಬರುವ ಮನೆಗಳು ಈ ಊರಿನಲ್ಲಿ ಎಷ್ಟೋ ಇವೆ. ಮಾರಲು ಹೊರಟಾಗ ಅಣ್ಣತಮ್ಮಂದಿರ ಮಕ್ಕಳವರೆಗೂ ಸಹಿಗಳನ್ನು ಹುಡುಕಬೇಕಾಗುತ್ತದೆ.

ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೂಲಕ ಕೊಂಡ ಸೈಟನ್ನು ಮಕ್ಕಳಿಗೆ ಉಯಿಲು ಬರೆಯಬಹುದೇ?

ನಿಮಗೇ ಪೂರ್ಣ ಹಕ್ಕು ಬಾರದಿರುವುದನ್ನು ಬರೆದುಕೊಟ್ಟರೆ ಮಕ್ಕಳಿಗೆ ಸಿಗುವುದು ನಿಮಗಿದ್ದಷ್ಟೇ. ಜಿಪಿಎ, ಮಾರಾಟ ಒಪ್ಪಂದ, ಉಯಿಲು ಈ ಮೂರನ್ನು ಸೇರಿಸಿದರೂ ಅದು ಕ್ರಯವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಅಲ್ಲದೆ ಅಧಿಕಾರಪತ್ರ ಸಾಮಾನ್ಯವಾಗಿ ಅದನ್ನು ಕೊಟ್ಟವರ ಮರಣದೊಂದಿಗೆ ಕೊನೆಗೊಳ್ಳುತ್ತದೆ. ಮಾರಿದವರು ಬದುಕಿರುವಾಗಲೇ ಕ್ರಯಪತ್ರ ಮಾಡಿಸಿಕೊಳ್ಳುವ ಪ್ರಯತ್ನ ನಡೆಯಬೇಕು. ವಿದೇಶದಲ್ಲಿರುವ ಮಗ ಅಲ್ಲಿಂದ ಕಳುಹಿಸುವ ಅಧಿಕಾರಪತ್ರಕ್ಕೆ ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕವನ್ನು ಕಟ್ಟಬೇಕೆಂಬುದನ್ನೂ ಮರೆಯಬಾರದು.

ಬದುಕಿರುವಾಗಲೇ ದಾನಪತ್ರ ಮಾಡಿಬಿಡುವುದು ಒಳ್ಳೆಯದಲ್ಲವೇ?

ಖರ್ಚಿನ ದೃಷ್ಟಿಯಿಂದ ಆಕರ್ಷಕವಾಗಿಯೇ ಕಾಣುತ್ತದೆ: ಕುಟುಂಬದ ಹತ್ತಿರದವರಿಗೆ ಮಾಡುವ ದಾನಕ್ಕೆ ಕರ್ನಾಟಕದಲ್ಲಿ ಬೆಲೆಯ ಶೇಕಡಾವಾರು ಮುದ್ರಾಂಕದ ಬದಲು ನಿಗದಿತ ಸಣ್ಣ ಮೊತ್ತವಿದೆ. ಸ್ಥಿರಾಸ್ತಿಯ ದಾನಪತ್ರಕ್ಕೆ ನೋಂದಣಿ ಕಡ್ಡಾಯ, ಪಡೆಯುವವರು ದಾನಿಯ ಜೀವಿತಕಾಲದಲ್ಲಿಯೇ ಸ್ವೀಕರಿಸಬೇಕು. ಆದರೆ ಉಯಿಲು ಮರಣಾನಂತರ ಜಾರಿಗೆ ಬರುತ್ತದೆ, ದಾನ ಆ ಕ್ಷಣವೇ ಜಾರಿಗೆ ಬರುತ್ತದೆ. ಮನಸ್ಸು ಬದಲಾದರೆ ಹಿಂದೆಗೆದುಕೊಳ್ಳುವುದು ಬಹಳ ಕಷ್ಟ.

ವಾಸದ ಮನೆಯನ್ನು ದಾನ ಮಾಡಲೇಬೇಕೆಂದಿದ್ದರೆ, ದಾನಿಯು ಕೊನೆಯುಸಿರಿರುವ ತನಕ ಅಲ್ಲಿಯೇ ವಾಸಿಸುವ ಹಕ್ಕನ್ನೂ, ಪಡೆಯುವವರು ಅವರನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನೂ ಪತ್ರದಲ್ಲಿಯೇ ಬರೆಸಬೇಕು. ಹಾಗೆ ಬರೆದಿದ್ದು ಮಕ್ಕಳು ನೋಡಿಕೊಳ್ಳದಿದ್ದರೆ, ತಂದೆ ತಾಯಿ ಹಾಗೂ ಹಿರಿಯ ನಾಗರಿಕರ 2007ರ ಅಧಿನಿಯಮದ 23ನೇ ಕಲಮಿನಂತೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ದಾನವನ್ನು ರದ್ದುಪಡಿಸಲು ಕೇಳಬಹುದು. ಷರತ್ತು ಕಾಗದದಲ್ಲಿ ಇಲ್ಲದಿದ್ದರೆ ದಾರಿ ದುರ್ಗಮವಾಗುತ್ತದೆ. ಇರುವುದೊಂದೇ ಮನೆಯಾದರೆ ಉಯಿಲೇ ಸಾಕು ಎಂಬುದು ನನ್ನ ಅಭಿಪ್ರಾಯ.

ವಾರಸಾಗಿ ಬಂದ ಆಸ್ತಿಗೆ ತೆರಿಗೆ ಇದೆಯೇ?

ಬಂದದ್ದಕ್ಕೆ ಇಲ್ಲ, ಮರಣ ತೆರಿಗೆಯನ್ನು ಭಾರತ 1985ರಲ್ಲಿಯೇ ಕೈಬಿಟ್ಟಿತು. ಮಾರಿದಾಗ ಬರುವ ಲಾಭಕ್ಕೆ ತೆರಿಗೆ ಇದೆ. ಆಗ ತಂದೆ ಕೊಂಡ ಬೆಲೆಯನ್ನೇ ನಿಮ್ಮ ಬೆಲೆಯೆಂದು ಎಣಿಸಲಾಗುತ್ತದೆ. ಅವರು 2001ರ ಏಪ್ರಿಲ್ 1ಕ್ಕೆ ಮೊದಲು ಕೊಂಡಿದ್ದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ತೆಗೆದುಕೊಳ್ಳುವ ಆಯ್ಕೆಯಿದೆ. ಆದ್ದರಿಂದ ಹಳೆಯ ಕ್ರಯಪತ್ರವನ್ನು ಎಸೆಯಬೇಡಿ.

ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೂ ಇದೇ ನಿಯಮಗಳೇ?

ನಾಮಿನಿ, ಖಾತಾ, ಅಧಿಕಾರಪತ್ರದ ಬಗೆಗೆ ಹೇಳಿದ್ದು ಎಲ್ಲರಿಗೂ ಅನ್ವಯಿಸುತ್ತದೆ. ವಾರಸಿನ ಕ್ರಮ ಬೇರೆ. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಉಯಿಲಿನ ಮೂಲಕ ಕೊಡಬಹುದಾದದ್ದು, ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರ ಮೂರನೆಯ ಒಂದು ಭಾಗ ಮಾತ್ರ. ಕ್ರೈಸ್ತರಿಗೆ 1925ರ ಅಧಿನಿಯಮ ಅನ್ವಯಿಸುತ್ತದೆ. ಅದರಂತೆ ಮದುವೆಗೆ ಮೊದಲು ಬರೆದ ಉಯಿಲು ಮದುವೆಯಿಂದ ರದ್ದಾಗುತ್ತದೆ. ಹಿಂದೂಗಳಿಗೆ ಈ ಕೊನೆಯ ನಿಯಮವಿಲ್ಲ.

ತಂದೆಯ ಹಳೆಯ ಪಾಸ್‌ಬುಕ್ಕೊಂದು ಸಿಕ್ಕಿದೆ, ಶಾಖೆಯೇ ಈಗ ಇಲ್ಲ. ಏನು ಮಾಡಬೇಕು?

ಹತ್ತು ವರ್ಷ ವ್ಯವಹಾರವಿಲ್ಲದ ಠೇವಣಿಗಳ ಹಣವನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸುತ್ತವೆ, ಆದರೆ ಅದರಿಂದ ಹಕ್ಕು ಅಳಿಯುವುದಿಲ್ಲ. ರಿಸರ್ವ್ ಬ್ಯಾಂಕ್ 2023ರಲ್ಲಿ ತೆರೆದ ‘ಉದ್ಗಮ್’ ತಾಣದಲ್ಲಿ ತಂದೆಯ ಹೆಸರನ್ನೂ, ಪ್ಯಾನ್ ಅಥವಾ ಹುಟ್ಟಿದ ದಿನಾಂಕದಂತಹ ಇನ್ನೊಂದು ವಿವರವನ್ನೂ ಕೊಟ್ಟು ಹುಡುಕಬಹುದು. ಮರೆತುಹೋದ ಮ್ಯೂಚುವಲ್ ಫಂಡುಗಳಿಗೆ 2025ರಲ್ಲಿ ಆರಂಭವಾದ ‘ಮಿತ್ರ’ ಎಂಬ ತಾಣವಿದೆ. ಹುಡುಕುವಾಗ ಹಳೆಯ ಕಾಗುಣಿತಗಳನ್ನೆಲ್ಲ ಪ್ರಯತ್ನಿಸಿ: ಊರಿನ ಹೆಸರಿನ ಇನಿಷಿಯಲ್ ಮುಂದೆ ಇದ್ದದ್ದು, ಹಿಂದೆ ಇದ್ದದ್ದು, ‘ಅಯ್ಯ’ ‘ಅಪ್ಪ’ ಸೇರಿದ್ದು, ಬಿಟ್ಟದ್ದು. ಸಿಕ್ಕ ಮೇಲೆ ಆ ಬ್ಯಾಂಕಿನ, ಅಥವಾ ಅದು ವಿಲೀನವಾಗಿದ್ದರೆ ಈಗಿರುವ ಬ್ಯಾಂಕಿನ, ಯಾವುದಾದರೂ ಶಾಖೆಗೆ ಪಾಸ್‌ಬುಕ್ಕು, ಮರಣ ಪ್ರಮಾಣಪತ್ರ, ವಾರಸುದಾರರ ಗುರುತಿನ ದಾಖಲೆಗಳೊಂದಿಗೆ ಹೋಗಿ ಲಿಖಿತ ಅರ್ಜಿಯನ್ನು ಕೊಟ್ಟು ಸ್ವೀಕೃತಿ ಪಡೆಯಬೇಕು.